ಹನ್ನೆರಡು ಲೋಟ

“ಕಸಕ್ಕುದು ತಾತಾ, ತುಂಬಾ ಕಹಿ,” ಎಂದು ಸಂಹಿತಾ ಮುಖ ಕಿವುಚಿ, ತುಟಿಗಿಟ್ಟ ಲೋಟವನ್ನು ಹಿಂದಕ್ಕೆ ಸರಿಸಿದಳು.

“ಕಹಿ ಅಂದ್ರೆ ಔಷಧ ಮಾ. ಮೂಗು ಮುಚ್ಚಿಕೊಂಡು ಒಂದೇ ಗುಟುಕಿಗೆ ಕುಡಿದುಬಿಡು,” ಎಂದರು ಸುಶಮೀಂದ್ರ ರಾಯರು. ಗಿಂಡಿ ಬಡಾವಣೆಯ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಬೆಸೆಂಟ್ ನಗರದ ಈ ಖಾಲಿ ಸೈಟಿನ ಕಲ್ಲು, ಕಸ ತೆಗೆಸಿ, ಸುತ್ತಲಿನ ಫ್ಲಾಟುಗಳವರನ್ನೆಲ್ಲ ಸೇರಿಸಿ ತರಕಾರಿ ತೋಟ ಮಾಡಿದವರು ಅವರೇ. ಪೊಂಗಲ್ ಕಳೆದ ಮೇಲೆ ಹಾಕಿದ ಸೋರೆಬಳ್ಳಿಗಳಿಗೆ ಈ ಭಾನುವಾರ ಮೊದಲ ಕೊಯ್ಲು. ಆ ಖುಷಿಗೆ, ಮೊದಲು ಕೊಯ್ದ ಕಾಯಿಯನ್ನು ಹಸಿಯಾಗಿಯೇ ರುಬ್ಬಿಸಿ, ಹನ್ನೆರಡು ಲೋಟಗಳಲ್ಲಿ ರಸ ತುಂಬಿಸಿದ್ದರು. ಮೊದಲ ಲೋಟ ಮೊಮ್ಮಗಳಿಗೆ.

ಚಪ್ಪರದ ಕೆಳಗೆ ಕಾಯಿ ಕೊಯ್ಯುತ್ತಿದ್ದ ವಿಮಲಾಳ ಕೈ ನಿಂತುಹೋಯಿತು. ಉಡುಪಿ ಹೊಟೇಲೊಂದರ ಹಿತ್ತಲಲ್ಲಿ ಇಪ್ಪತ್ತಾರು ವರ್ಷ ಮೆಟ್ಟುಗತ್ತಿಯ ಮೇಲೆ ಕೂತು ತರಕಾರಿ ಹೆಚ್ಚಿದವಳು ಅವಳು. ಮಂಡಿ ಸೋತು, ಹೋದ ವರ್ಷವಷ್ಟೇ ಕೆಲಸ ಬಿಟ್ಟು ತೋಟಕ್ಕೆ ಸೇರಿದ್ದಳು. ಸದಸ್ಯರ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಆದರೂ ಸಭೆ ಸೇರಿದಾಗ ಕುರ್ಚಿ ಹಾಕುವುದು, ಮುಗಿದ ಮೇಲೆ ಎತ್ತಿಡುವುದು ಅವಳ ಪಾಲಿಗೇ ಬರುತ್ತಿತ್ತು. ರಾಯರೆದುರು ಒಂದು ದಿನವೂ ದನಿ ಎತ್ತಿದವಳಲ್ಲ.

“ಹ್ವಾಯ್, ಕುಡೀಬೇಡಿ! ಯಾರೂ ಮುಟ್ಟಬೇಡಿ!”

ಮಂಡಿಯ ನೋವು ಮರೆತು ಓಡಿಬಂದವಳು ಹುಡುಗಿಯ ಕೈಯ ಲೋಟ ಕಿತ್ತುಕೊಂಡಳು. “ನುಂಗಿದ್ಯಾ?”

“ಇಲ್ಲ ಆಂಟಿ... ಜಸ್ಟ್ ಟೇಸ್ಟ್,” ಎಂದು ತಡವರಿಸಿದಳು ಸಂಹಿತಾ.

“ಉಗುಳು. ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸು, ಹೋಗು.” ಆಮೇಲೆ ವಿಮಲಾ ಆ ಲೋಟವನ್ನೂ ಉಳಿದ ಹನ್ನೊಂದರ ಜೊತೆ ತಟ್ಟೆಯಲ್ಲಿಟ್ಟು, ಎರಡೂ ಕೈಯಲ್ಲಿ ಎತ್ತಿ, ಎಲ್ಲರೂ ನೋಡುತ್ತಿದ್ದಂತೆ, ಬೇಲಿಯಾಚೆಯ ಮರಳಿಗೆ ಕವುಚಿಬಿಟ್ಟಳು.

ರಾಯರ ಮುಖ ಕೆಂಪೇರಿತು. “ಏನು ಮಾ ವಿಮಲಾ, ತಲೆ ಸರಿ ಇದೆಯಾ? ಮೂರು ತಿಂಗಳು ಎಲ್ಲರೂ ಬೆವರು ಸುರಿಸಿದ್ದಾರೆ. ಒಂದು ಚಿಟಿಕೆ ರಸಗೊಬ್ಬರ ಹಾಕಿಲ್ಲ ಇದಕ್ಕೆ. ನಮ್ಮ ತೋಟದ ಕಾಯಿ ವಿಷ ಅಂತೀಯಾ?”

ವಿಮಲಾ ಖಾಲಿ ತಟ್ಟೆಯನ್ನು ಕೆಳಗಿಟ್ಟಳು. “ಹಾಗಲಕಾಯಿ ಕಹಿ ಇದ್ರೆ ಅಡ್ಡಿಲ್ಲ ರಾಯರೇ. ಸೋರೆಕಾಯಿ ಕಹಿ ಇದ್ರೆ ಅದು ವಿಷವೇ. ಗೊಬ್ಬರ ಯಾವುದಾದ್ರೂ ಹಾಕಿ, ಒಂದೊಂದು ಬಳ್ಳಿ ಹಾಗೆ ಕೆಟ್ಟುಹೋಗ್ತದೆ. ನಮ್ಮ ಹೊಟೇಲಿನ ಅಡುಗೆಮನೆಯಲ್ಲಿ ದಿನೇಶ ಅಂತ ಒಬ್ಬ ಇದ್ದ. ಹೀಗೇ ಔಷಧ ಅಂತ ಒಂದು ಲೋಟ ಕುಡಿದ. ಮಧ್ಯಾಹ್ನಕ್ಕೆ ರಕ್ತ ಕಾರಿಕೊಂಡ. ನಾಲ್ಕು ದಿವಸ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತವಳು ನಾನೇ.”

“ಅವನಿಗೆ ಬೇರೇನೋ ಕಾಯಿಲೆ ಇದ್ದಿರಬೇಕು,” ಎಂದ ರಾಯರು, ಹೆಚ್ಚುವ ಮಣೆಯ ಮೇಲೆ ಉಳಿದಿದ್ದ ಅದೇ ಕಾಯಿಯ ಹೋಳೊಂದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಬಾಯಿಗೆ ಹಾಕಿಕೊಂಡರು. ಒಂದು ಸಲ ಅಗಿದರು. ಎರಡನೆಯ ಸಲ ದವಡೆ ಆಡಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ನಲ್ಲಿಯ ಕಡೆಗೆ ಓಡಿದರು.

ಐದಾರು ಸಲ ಮುಕ್ಕಳಿಸಿ ಉಗುಳಿದರು. ಪಕ್ಕದಲ್ಲೇ ಬಾಯಿ ಒರೆಸಿಕೊಳ್ಳುತ್ತ ನಿಂತಿದ್ದ ಮೊಮ್ಮಗಳನ್ನು ನೋಡಿದಾಗ ಅವರ ಮುಖದ ಬಣ್ಣವೇ ಇಳಿದುಹೋಯಿತು. ಒಂದೇ ಗುಟುಕಿಗೆ ಕುಡಿ ಎಂದಿದ್ದರಲ್ಲ!

“ಹಾಗಾದ್ರೆ ಇದೆಲ್ಲಾ ಬಿಸಾಡಬೇಕಾ?” ಎಂದರು, ರಾಶಿ ಬಿದ್ದಿದ್ದ ನಲವತ್ತು ಕಾಯಿಗಳನ್ನು ತೋರಿಸಿ. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ. ಮೂರು ತಿಂಗಳು ನೀರು ಹೊತ್ತವರೆಲ್ಲ ರಾಶಿಯ ಸುತ್ತ ನೆರೆದರು.

“ಎಂತಕ್ಕೆ ಬಿಸಾಡುದು? ಕೆಟ್ಟದ್ದು ಒಂದೋ ಎರಡೋ ಬಳ್ಳಿ ಇರ್ಬಹುದು. ನಂಗೊಂದು ಚಾಕು, ಒಂದು ಚೊಂಬು ನೀರು ಕೊಡಿ.”

ಕುರ್ಚಿ ತಾನಾಗಿ ಬಂತು. ವಿಮಲಾ ಕೂತಳು. ತೊಟ್ಟಿನ ಕಡೆಯಿಂದ ಕಾಗದದಷ್ಟು ತೆಳುವಾದ ಚೂರು ಕೊಯ್ದು, ನಾಲಿಗೆಯ ತುದಿಗೆ ಮುಟ್ಟಿಸಿ, ಉಗುಳಿ, ಬಾಯಿ ತೊಳೆದು, “ಇದು ಒಳ್ಳೇದು,” ಎಂದಳು. ಎರಡನೆಯದೂ ಒಳ್ಳೆಯದೇ. ಐದನೆಯದಕ್ಕೆ ಹುಬ್ಬು ಗಂಟಿಕ್ಕಿತು. “ಇದು ಯಾವ ಬಳ್ಳಿದು?” ಗೋಡೆಯ ಮೂಲೆಯ ಬಳ್ಳಿ, ರಸ ತೆಗೆದ ಕಾಯಿಯೂ ಅದರದೇ ಎಂದಳು ಸಂಹಿತಾ. ವಿಮಲಾ ಎದ್ದುಹೋಗಿ ಆ ಬಳ್ಳಿಯನ್ನು ಬೇರುಸಮೇತ ಕಿತ್ತೆಸೆದಳು. ಯಾರನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ.

ಹೊಟೇಲಿನಲ್ಲಿ ಅವಳು ಹೆಚ್ಚಿಕೊಟ್ಟದ್ದನ್ನು ದಿನಕ್ಕೆ ಸಾವಿರ ಜನ ಉಂಡು ಹೋಗುತ್ತಿದ್ದರು. ಹೆಚ್ಚಿದವಳ ಮುಖ ಅವರಲ್ಲಿ ಒಬ್ಬರೂ ಕಂಡಿರಲಿಲ್ಲ. ಇಲ್ಲಿ ಅವಳು ಒಂದೊಂದು ಕಾಯಿಗೆ “ಒಳ್ಳೇದು” ಎಂದಾಗಲೂ ಸಂಹಿತಾ “ಪಾಸ್!” ಎಂದು ಕೂಗುತ್ತಿದ್ದಳು, ಮಿಕ್ಕವರು ಚಪ್ಪಾಳೆ ತಟ್ಟುತ್ತಿದ್ದರು. ಕಡಲಿನಿಂದ ಗಾಳಿ ಬೀಸಿತು. ವಿಮಲಾ ಸೆರಗಿನಿಂದ ಕತ್ತು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕುರ್ಚಿಗೆ ಒರಗಿ ಕೂತಳು.

ಅಷ್ಟರಲ್ಲಿ ಸಾಲು ಬೇಲಿಯವರೆಗೂ ಬೆಳೆದಿತ್ತು. ತಾವು ನೀರುಣಿಸಿದ ಬಳ್ಳಿಯ ಕಾಯಿಯನ್ನು ಒಬ್ಬೊಬ್ಬರೂ ಎದೆಗವಚಿಕೊಂಡು, ಕೂಸಿಗೆ ಚುಚ್ಚುಮದ್ದು ಹಾಕಿಸಲು ಬಂದ ತಾಯಂದಿರಂತೆ ನಿಂತಿದ್ದರು. ಎಲ್ಲರಿಗಿಂತ ಹಿಂದೆ, ಎರಡು ಕಂಕುಳಲ್ಲಿ ಎರಡು ಕಾಯಿ ಇರುಕಿಕೊಂಡು, ಸುಶಮೀಂದ್ರ ರಾಯರು.

“ನೀವು ಮುಂದೆ ಬನ್ನಿ ರಾಯರೇ,” ಎಂದು ಕರೆದಳು ವಿಮಲಾ.

“ಬೇಡ ವಿಮಲಮ್ಮಾ,” ಎಂದರು ಅವರು. “ಸಾಲಿನಲ್ಲೇ ಬರ್ತೀನಿ.”