ಮೆಟ್ಟಿಲ ಪಕ್ಕದ ಗೋಡೆ

“ತಾರೀಕು ದಾಟಿದೆ ತಾನೇ? ಹಾಗಾದ್ರೆ ಮುಚ್ಚು, ಮುಚ್ಚು!” ಎನ್ನುತ್ತಲೇ ಬ್ರೀಸಾ ಫೌಸ್ತೊನ ಕೈಯಿಂದ ಬ್ರಷ್ಷು ಕಿತ್ತುಕೊಂಡಳು. ಬಕೆಟ್ಟಿನಲ್ಲಿ ಮೈದಾ ಅಂಟು ಆರಿ ಗಟ್ಟಿಯಾಗುತ್ತಿತ್ತು. ಹಲಾಪ ಊರಿನ ತುಂತುರು ಬೆಳಗಿನಿಂದ ಬಿಟ್ಟಿರಲಿಲ್ಲ. ಇಡೀ ವಿಶ್ವವಿದ್ಯಾಲಯದಲ್ಲಿ ನೀರು ತಾಗದ ಗೋಡೆ ಅಂತ ಉಳಿದದ್ದು ಕ್ಯಾಂಟೀನಿಗೆ ಇಳಿಯುವ ಮೆಟ್ಟಿಲ ಪಕ್ಕದ ಇದೊಂದೇ. ಅಲ್ಲಿ ಪೋಸ್ಟರಿನ ಮೇಲೆ ಪೋಸ್ಟರ್ ಕೂತು ಗೋಡೆಗೇ ಹೊಟ್ಟೆ ಬಂದಂತಿತ್ತು.

ಆಟ ಇವತ್ತೇ ಸಂಜೆ. ಗೊಂಬೆಯಾಟದ ಸಂಘದ ಹಿಂದಿನ ಆಟಕ್ಕೆ ಬಂದವರು ಮುಂದಿನ ಸಾಲನ್ನೂ ತುಂಬಿರಲಿಲ್ಲ. ಈ ಸಲವೂ ಕುರ್ಚಿಗಳು ಖಾಲಿ ಬಿದ್ದರೆ ಗೊಂಬೆಗಳ ಕೋಣೆ ಟೇಬಲ್ ಟೆನಿಸ್‌ನವರಿಗೆ ಎಂದು ಕಚೇರಿಯವರು ಹೇಳಿಬಿಟ್ಟಿದ್ದರು. ಅದಕ್ಕೇ ಬ್ರೀಸಾ ವಾರವಿಡೀ ನೆಲದ ಮೇಲೆ ಬಗ್ಗಿ ಕೂತು ಆಳೆತ್ತರದ ಒಂದೇ ಒಂದು ಪೋಸ್ಟರ್ ಬರೆದಿದ್ದಳು: ಚಂದ್ರನನ್ನು ಕಚ್ಚಿಕೊಂಡು ಮರ ಹತ್ತಿ, ಈಗ ಉಗುಳಲೂ ಆಗದೆ ಇಳಿಯಲೂ ಆಗದೆ ಕೂತ ಚಿರತೆ.

“ಇಲ್ಲಿ ಕೆಳಗೊಂದು ಚೂರು ಕಾಣ್ತಿದೆ ಕಣೇ. ಮಾರ್ಚ್ ಹದಿನಾಲ್ಕು ಅಂತ.”

“ಈಗ ಆಗಸ್ಟು. ಕ್ಯಾಲೆಂಡರ್ ತಂದುಕೊಡ್ಲಾ?”

“ಅಲ್ವೇ ತಾಯಿ, ಏನದು ಅಂತ ಪೂರ್ತಿ ನೋಡಿ...”

“ನೋಡ್ತಾ ನಿಂತ್ರೆ ಕುಣಿಯೋ ಸಂಘದವರು ಬಂದು ಜಾಗ ಹಿಡೀತಾರೆ. ಹಿಡಿ ಆ ಮೂಲೆ!”

ಚಿರತೆ ಗೋಡೆ ಏರಿತು. ಬ್ರೀಸಾ ಹಿಂದೆ ಸರಿದು, ಮುಂದೆ ಬಂದು, ಮತ್ತೆ ಹಿಂದೆ ಸರಿದು ನೋಡಿದಳು. ಹುಡುಗರು ಕೊಡೆ ಮಡಚುತ್ತಾ, ಫೋನು ತಿಕ್ಕುತ್ತಾ ದಡದಡ ಇಳಿದು ಹೋದರು. ಒಬ್ಬರಾದರೂ ತಲೆ ಎತ್ತಬಾರದೇ? ನಿಂತದ್ದು ಒಬ್ಬ ಹೆಂಗಸು ಮಾತ್ರ. ಒದ್ದೆ ಶಾಲು ಹೊದ್ದು, ಕಂಕುಳಲ್ಲಿ ಚೀಲ ಅವುಚಿಕೊಂಡು, ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಹುಡುಕುವಂತೆ ನೋಡುತ್ತಿದ್ದಳು. ಬ್ರೀಸಾಗೆ ಜೀವ ಬಂತು.

“ಬನ್ನಿ ಅಮ್ಮಾ, ಸಂಜೆ ಆರಕ್ಕೆ. ಟಿಕೆಟ್ ಇಲ್ಲ. ಮನೇಲಿ ಮಕ್ಕಳಿದ್ರೆ ಕರ್ಕೊಂಡ್ ಬನ್ನಿ!”

“ಇಲ್ಲಿ ನನ್ನ ಮಗಳಿದ್ಳಲ್ಲ ಕೂಸೇ?”

“ಯಾವ ವಿಭಾಗ? ಹೆಸರು ಹೇಳಿ, ಕರೆಸ್ತೀವಿ.”

“ವಿಭಾಗ ಅಲ್ಲ. ಈ ಗೋಡೇಲಿ.”

ಫೌಸ್ತೊ ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟ. ಮಾರ್ಚ್ ಹದಿನಾಲ್ಕು ಯಾವ ಕಾರ್ಯಕ್ರಮದ ದಿನವೂ ಆಗಿರಲಿಲ್ಲ. ಆ ಹುಡುಗಿಯನ್ನು ಯಾರೋ ಕೊನೆಯದಾಗಿ ಕಂಡ ದಿನ. ಕಾಣೆಯಾದವರ ಮುಖದ ಮೇಲೆ ಪೋಸ್ಟರ್ ಹಚ್ಚಬಾರದು ಎನ್ನುವುದು ಇಲ್ಲಿ ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ಮಾತು. ಯಾರೂ ಹಚ್ಚಿರಲಿಲ್ಲ ಕೂಡ. ಯೋಗದವರ ಪೋಸ್ಟರಿನ ಮೂಲೆಯೊಂದು ಅವಳ ಹಣೆಗೆ ತಾಗಿತ್ತು. ಆಮೇಲೆ ಚುನಾವಣೆಯವರ ಅಂಚು ಕಣ್ಣಿನವರೆಗೆ ಇಳಿದಿತ್ತು, ಕುಣಿಯುವವರದು ಗದ್ದದವರೆಗೆ. ಒಬ್ಬೊಬ್ಬರೂ ತೆಗೆದುಕೊಂಡದ್ದು ಗೇಣು ಜಾಗ. ಉಳಿದಿದ್ದ ಬೆರಳಗಲದ ಪಟ್ಟಿಯನ್ನು ಬ್ರೀಸಾ ಮುಗಿಸಿದ್ದಳು.

“ಇನ್ನೊಂದು ಪ್ರತಿ ಇದ್ರೆ ಕೊಡಿ ಅಮ್ಮಾ, ಈಗ್ಲೇ ಹಚ್ತೀವಿ,” ಎಂದಳು.

“ಇದ್ದದ್ದನ್ನೆಲ್ಲ ಬಸ್ ನಿಲ್ದಾಣದಲ್ಲಿ ಹಚ್ಚಿ ಬಂದೆ. ಇಲ್ಲಿ ಹೇಗೂ ಇದಾಳಲ್ಲ ಅಂತ.” ಎರ್ಲಿಂಡಾ, ಆಕೆಯ ಹೆಸರು ಅದು, ಚಿರತೆಯನ್ನು ಸ್ವಲ್ಪ ಹೊತ್ತು ನೋಡಿದಳು. “ಇರ್ಲಿ ಬಿಡು. ನಿಂದು ಇವತ್ತೇ ಅಲ್ವಾ? ಚೆನ್ನಾಗಿ ಬರ್ದಿದ್ದೀಯ.”

ಬೈದಿದ್ದರೆ ಬ್ರೀಸಾ ತಡೆದುಕೊಳ್ಳುತ್ತಿದ್ದಳೋ ಏನೋ. ಪೋಸ್ಟರಿನ ಮೂಲೆಗೆ ಉಗುರು ಹಾಕಿ ಎಳೆದಳು.

“ಏಯ್, ಹರಿಯತ್ತೆ! ಸಂಜೆ ಒಂದು ನೊಣವೂ ಬರಲ್ಲ ಆಮೇಲೆ!”

“ನಿನ್ನ ಕಡೆಯಿಂದ ಎಳಿ ಅಂದೆ!”

ತಿಂಗಳುಗಟ್ಟಲೆಯ ಕಾಗದವೆಲ್ಲ ಹಸಿ ಅಂಟಿಗೆ ಮೆತ್ತಗಾಗಿ, ಚಿರತೆಯ ಜೊತೆ ಒಂದೇ ಪದರವಾಗಿ, ಹುಣ್ಣಿನ ಹಕ್ಕಳೆಯಂತೆ ಕಿತ್ತು ಬಂತು. ತಿರುಗಿಸಿ ನೋಡಿದರೆ ಎಲ್ಲಕ್ಕಿಂತ ಹಿಂದೆ ಅವಳಿದ್ದಳು. ತೆಳುವಾದ ನೆನೆದ ಹಾಳೆಯ ಬೆನ್ನಿನಿಂದ, ಒದ್ದೆ ಬಟ್ಟೆಯಾಚೆ ಕಂಡಂತೆ, ಮುಖ ಮೂಡಿತ್ತು. ಕನ್ನಡಿಯಲ್ಲಿ ಕಂಡ ಹಾಗೆ ಅಕ್ಷರಗಳೆಲ್ಲ ತಿರುವುಮುರುವು.

“ಮಚ್ಚೆ ಆಚೆ ಗಲ್ಲದಲ್ಲಿತ್ತು,” ಎಂದಳು ಎರ್ಲಿಂಡಾ, ಬೆರಳು ತಾಗಿಸದೆ.

ಬಿಡಿಸಹೋದರೆ ಹಾಳೆ ಮುದ್ದೆಯಾಗುತ್ತಿತ್ತು. ಬ್ರೀಸಾ ಪೋಸ್ಟರನ್ನು ಮೆಟ್ಟಿಲ ಮೇಲೆ ಹಾಸಿ, ಬಕೆಟ್ಟಿನಲ್ಲಿ ಉಳಿದ ಅಂಟನ್ನೆಲ್ಲ ಚಿರತೆಯ ಮೇಲೆ ಸುರಿದಳು. ಚಂದ್ರನ ಮೇಲೆ, ಸಭಾಂಗಣದ ಹೆಸರಿನ ಮೇಲೆ ಬ್ರಷ್ಷು ಎಳೆದಳು. ಎತ್ತಿ, ಹಿಂದುಮುಂದು ಮಾಡಿ, ಅಂಗೈಯಿಂದ ಒತ್ತಿ ಒತ್ತಿ ಗೋಡೆಗೆ ಕೂರಿಸಿದಳು.

“ಆರು ಗಂಟೆ ಅಂತ ಈಗ ಗೋಡೆಗೊಂದಕ್ಕೇ ಗೊತ್ತು,” ಎಂದ ಫೌಸ್ತೊ. ಅವನಿಗೂ ನಗು ಬರಲಿಲ್ಲ.

ಕ್ಯಾಂಟೀನಿನಿಂದ ತಮಾಲೆ ತಿನ್ನುತ್ತಾ ಮೇಲೆ ಬರುತ್ತಿದ್ದ ಹುಡುಗಿಯೊಬ್ಬಳು ನಿಂತಳು. ತಲೆ ವಾಲಿಸಿದಳು. ಅಕ್ಷರಗಳು ಸುಲಭಕ್ಕೆ ಸಿಗಲಿಲ್ಲ. ಅವಳ ಹಿಂದಿದ್ದವರೂ ನಿಂತರು, ಮೇಲಿನಿಂದ ಇಳಿಯುತ್ತಿದ್ದವರೂ ನಿಂತರು. ಹುಡುಗಿ ಗಾಳಿಯಲ್ಲಿ ಬೆರಳಾಡಿಸುತ್ತಾ ಒಂದೊಂದಾಗಿ ಕೂಡಿಸಿದಳು.

“ದಾ... ಲಿ... ಯಾ. ದಾಲಿಯಾ! ಅಲ್ವಾ?”

ಎರ್ಲಿಂಡಾ ಒದ್ದೆ ಮೆಟ್ಟಿಲ ಮೇಲೇ ಕೂತುಬಿಟ್ಟಳು.

“ಇನ್ನೊಂದ್ಸಲ ಹೇಳು ಕೂಸೇ,” ಎಂದಳು.