ಜೋಳದ ಹುಳುವಿನ ನಗು

ಪುಸ್ತಕವನ್ನು ಮೊದಲು ಓದಿದವರ ನಗು ಅದರೊಳಗೇ ಉಳಿದುಬಿಡುತ್ತದೆ; ಆಮೇಲೆ ಯಾರು ಪುಟ ತೆರೆದರೂ ಅದೇ ನಗು ಕೇಳಬೇಕು. ಶಾಲೆಯ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದರೆ ಅಕ್ಕೋರು ಹಾಜರಿ ಕರೆಯುವ ಕ್ರಮದಲ್ಲೇ ಮಕ್ಕಳನ್ನು ಆರಿಸಿಕೊಳ್ಳಲು ಬಿಡುತ್ತಿದ್ದರು. ನಾಲ್ಕನೇ ತರಗತಿಯಲ್ಲಿ ಮೊದಲ ಹೆಸರು ಅನ್ನಪೂರ್ಣ, ಕೊನೆಯದು ಹುಲಿಗೆಮ್ಮ. ಹೀಗಾಗಿ ಹುಲಿಗೆಮ್ಮ ಯಾವ ಕತೆ ತೆರೆದರೂ, ಕತ್ತೆ ಕೆಸರಿಗೆ ಬೀಳುವ ಮೊದಲೇ ಅನ್ನಪೂರ್ಣಳ ಕಿಲಕಿಲ ಶುರುವಾಗುತ್ತಿತ್ತು. ಹುಲಿಗೆಮ್ಮನಿಗೆ ಹೊಟ್ಟೆ ಉರಿದುಹೋಗುತ್ತಿತ್ತು.

ಒಂದು ಶುಕ್ರವಾರ ಅವಳು ಕಪಾಟಿನ ಮೂಲೆಯಿಂದ, ಯಾರೂ ಮುಟ್ಟದ ‘ಜೋಳಕ್ಕೆ ಬೀಳುವ ಹುಳುಗಳು’ ಎಂಬ ಪುಸ್ತಕ ಎಳೆದುಕೊಂಡಳು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆದರೂ ತರಗತಿಗೆಲ್ಲ ಕೇಳುವಂತೆ ಪುಟಪುಟಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮುಂದಿನ ಶುಕ್ರವಾರ ಹುಳುವಿನ ಪುಸ್ತಕಕ್ಕೆ ಮಕ್ಕಳು ಮುಗಿಬಿದ್ದರು. ಮೊದಲು ಸಿಕ್ಕಿದ್ದು ಅನ್ನಪೂರ್ಣಳಿಗೇ. ಅವಳು ಕಾಂಡ ಕೊರೆಯುವ ಹುಳುವಿನ ಚಿತ್ರವನ್ನು ತಿರುವಿ ಮುರುವಿ ನೋಡಿದಳು. ಹುಲಿಗೆಮ್ಮನ ನಗು ಪುಟದಿಂದ ಉಕ್ಕುತ್ತಲೇ ಇತ್ತು. ಅನ್ನಪೂರ್ಣಳ ಮುಖ ಸಣ್ಣಗಾಯಿತು.

“ಇದ್ರಾಗ ನಗೂವಂಥಾದ್ದು ಏನೈತಿ, ಹುಲಿಗೆಮ್ಮ? ನನಗ್ಯಾಕ ತಿಳೀವಲ್ದು?”

“ನಿನಗ ತಿಳಿಯೂದಿಲ್ಲ ಬಿಡು,” ಎಂದಳು ಹುಲಿಗೆಮ್ಮ.

ಅವತ್ತು ಬಿಸಿಯೂಟದ ನೀರು ಸಾರನ್ನೂ ಅವಳು ಎರಡು ಸಲ ಹಾಕಿಸಿಕೊಂಡು ಉಂಡಳು.