ಡ್ಯಾಶ್‌ಬೋರ್ಡಿನ ಕಪ್ಪು

ವರ್ಷಗಟ್ಟಲೆ ಬಿಸಿಲುಂಡ ಹಳೆಯ ಮಾರುತಿ ಕಾರಿನ ಡ್ಯಾಶ್‌ಬೋರ್ಡು ಬೂದಿಯಂತೆ ಬಿಳಿಚಿಹೋಗಿತ್ತು. ವನಮಾಲಾ ಕಾರನ್ನು ಗ್ಯಾರೇಜಿಗೆ ತಂದರು.

“ಮ್ಯಾಲೊಂದು ಕವರ್ ಹಾಕಿಬಿಡ್ತೀನ್ರಿ ಅಮ್ಮಾರ, ಲಗೂನ ಆಗ್ತದ,” ಎಂದ ಮೆಕ್ಯಾನಿಕ್ ದಾದಾಪೀರ.

“ಬ್ಯಾಡಪಾ. ಮೊದಲ ಹೆಂಗಿತ್ತೋ ಹಂಗ ಆಗಬೇಕು. ನಮ್ಮ ಯಜಮಾನ್ರಿಗೆ ಈಗ ಏನೂ ನೆನಪಿಲ್ಲ. ಮದುವಿ ಆದ ಹೊಸದಾಗಿ ಇದರಾಗ ಬಾದಾಮಿ, ಗೋಕರ್ಣ ಎಲ್ಲಾ ತಿರುಗೀವಿ. ಇದನ್ನ ನೋಡಿದ್ರ ನಾನರೆ ನೆನಪಾದೇನು.”

ದಾದಾಪೀರ ಡ್ಯಾಶ್‌ಬೋರ್ಡನ್ನೂ ಬಾಗಿಲುಗಳ ಒಳಪಟ್ಟಿಗಳನ್ನೂ ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದ. ಒಣಗಿದ ಮೇಲೆ ಯಂತ್ರದಿಂದ ಹದವಾಗಿ ಬಿಸಿಗಾಳಿ ಹಿಡಿದ. ಬಿಳಿಚಿದ ಪ್ಲಾಸ್ಟಿಕ್ಕಿನೊಳಗಿನ ಕಪ್ಪು ನಿಧಾನವಾಗಿ ಮೇಲೆದ್ದು ಬಂತು.

ಮರುದಿನ ವನಮಾಲಾ ಗಂಡನನ್ನು ಕೈಹಿಡಿದು ಕರೆತಂದು ಸ್ಟಿಯರಿಂಗಿನ ಮುಂದೆ ಕೂರಿಸಿದರು. ಯಜಮಾನರು ಡ್ಯಾಶ್‌ಬೋರ್ಡಿನ ಮೇಲೆ ಉದ್ದಕ್ಕೂ ಕೈಯಾಡಿಸಿದರು. ಎಷ್ಟೋ ದಿನಗಳ ಮೇಲೆ ಮುಖ ಅರಳಿತು.

“ಇದು ನನ್ನ ಗಾಡಿ!”

ವನಮಾಲಾ ಲಗುಬಗೆಯಿಂದ ಆಚೆಯ ಬಾಗಿಲು ತೆಗೆದು ಪಕ್ಕದಲ್ಲಿ ಕುಳಿತರು.

ಯಜಮಾನರು ತಿರುಗಿ ನೋಡಿ, ಸಂಕೋಚದಿಂದ ಹೇಳಿದರು: “ಅಮ್ಮಾರ, ಸಿಟ್ಟಾಗಬ್ಯಾಡ್ರಿ, ಹಿಂದ ಕೂಡ್ರಿ. ಅಲ್ಲಿ ನಮ್ಮ ವನಮಾಲಾ ಕೂಡ್ತಾಳ.”